ಎಸ್ಕೇಪ್ ಮಾಡಿದರೆ ಅರ್ಧ ಲೇಖನಗಳು ಕೆಡುತ್ತವೆ, ಮಾಡದಿದ್ದರೆ ಇನ್ನರ್ಧ

ಮರಿಪಾರ್ಸರ್:
ಮೂರು ದಿನಗಳಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ತಾಳ್ಮೆ ಪೂರ್ತಿ ಮುಗಿದಿದೆ. ಪ್ರೋಗ್ರಾಮಿಂಗ್ ಪಾಠಗಳನ್ನು ಇಳಿಸಿಕೊಂಡು, ಪಠ್ಯವನ್ನಷ್ಟೇ ಹೊರತೆಗೆದು, ಒಂದೇ ಎಚ್‌ಟಿಎಂಎಲ್ ಪುಟವಾಗಿ ಜೋಡಿಸುವ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದಿದ್ದೇನೆ. ಮೂಲದಲ್ಲಿ ‘ಪ್ಯಾರಾ ಆರಂಭಿಸಲು &#60;ಪಿ&#62; ಎಂದು ಬರೆಯಿರಿ’ ಎಂದಿರುವ ವಾಕ್ಯ (&#60; ಎಂಬುದು < ಚಿಹ್ನೆಯ, &#62; ಎಂಬುದು > ಚಿಹ್ನೆಯ ಸಂಕೇತ; ಪಿ ಇಂಗ್ಲಿಷ್ ಅಕ್ಷರ) ನನ್ನ ಪುಟದಲ್ಲಿ ‘ಪ್ಯಾರಾ ಆರಂಭಿಸಲು ಎಂದು ಬರೆಯಿರಿ’ ಎಂದಾಗುತ್ತದೆ; ಟ್ಯಾಗ್ ಹೇಳಹೆಸರಿಲ್ಲದಂತೆ ಮಾಯ. ಪುಟ ಬರೆಯುವ ಮೊದಲು ಎಸ್ಕೇಪ್ ಮಾಡಿದರೆ, ಅಂದರೆ <, & ಮುಂತಾದ ಚಿಹ್ನೆಗಳನ್ನು ಇಂಥ ಸಂಕೇತಗಳಾಗಿ ಬದಲಿಸಿದರೆ, ಈ ಲೇಖನ ಸರಿಹೋಗುತ್ತದೆ, ಆದರೆ ಅಲ್ಲಿಯವರೆಗೆ ಸರಿಯಾಗಿದ್ದ ಬೇರೆ ಲೇಖನಗಳಲ್ಲಿ &#60; ಎಂಬುದು ಹಾಗೆಯೇ ಕಣ್ಣಿಗೆ ರಾಚುತ್ತದೆ. ಪುಟವನ್ನು ಓದಿ ಬಿಡಿಸುವ ಪಾರ್ಸರ್‌ನಲ್ಲೇ ದೋಷವಿದೆಯೆಂದು ನನಗೆ ಅನ್ನಿಸುತ್ತಿದೆ.

ಹಳೆಕೀಲಿಮಣೆ:
ಪಾರ್ಸರ್ ಮೇಲೆ ಗೂಬೆ ಕೂರಿಸುವ ಮೊದಲು ಬದಲಾವಣೆಯ ಕ್ರಮವನ್ನು ನೋಡಿ. ಎಸ್ಕೇಪ್ ಮಾಡುವಾಗ & ಚಿಹ್ನೆಯನ್ನು ಎಲ್ಲಕ್ಕಿಂತ ಮೊದಲು, ಡಿಕೋಡ್ ಮಾಡುವಾಗ, ಅಂದರೆ ಸಂಕೇತವನ್ನು ಮತ್ತೆ ಚಿಹ್ನೆಯಾಗಿಸುವಾಗ, ಎಲ್ಲಕ್ಕಿಂತ ಕೊನೆಗೆ ಬದಲಿಸಬೇಕು. ತಿರುವುಮುರುವಾದರೆ &#38;#60; ಎಂಬುದು (&#38; ಎಂದರೆ & ಚಿಹ್ನೆಯ ಸಂಕೇತ) &#60; ಆಗಿ, ಮುಂದಿನ ಸಾಲಿನಲ್ಲಿ ಮತ್ತೆ < ಆಗಿಬಿಡುತ್ತದೆ. ನಿಮ್ಮದು ಇದೇ ಕಾಯಿಲೆ.

ಮರಿಪಾರ್ಸರ್:
ನಾನು ಒಂದೊಂದಾಗಿ ಬದಲಿಸುತ್ತಲೇ ಇಲ್ಲ. ಪಠ್ಯವನ್ನು ಬ್ಯೂಟಿಫುಲ್‌ಸೂಪ್ ಎಂಬ, ಎಚ್‌ಟಿಎಂಎಲ್ ಓದುವ ಪೈಥಾನ್ ಲೈಬ್ರರಿಯಿಂದ ತೆಗೆಯುತ್ತೇನೆ; ಎಸ್ಕೇಪ್‌ಗೆ ಪೈಥಾನ್ ಜೊತೆಗೇ ಬರುವ ಫಂಕ್ಷನ್ ಇದೆ.

ಹಳೆಕೀಲಿಮಣೆ:
ಆದರೂ ಸ್ಕ್ರಿಪ್ಟ್‌ನ ಎಲ್ಲೋ ಒಂದು ಮೂಲೆಯಲ್ಲಿ ಕೈಯಿಂದ ಬರೆದ ರಿಪ್ಲೇಸ್ ಸಾಲು ಇದ್ದೇ ಇರುತ್ತದೆ, ಹುಡುಕಿ. ನಾನು ಇಂಥ ನೂರು ಪ್ರಕರಣಗಳನ್ನು ನೋಡಿದ್ದೇನೆ; ತೊಂಬತ್ತರಲ್ಲಿ ಕ್ರಮದ್ದೇ ತಪ್ಪು.

ಬೈಟ್‌ಭೈರವ:
ಕ್ರಮದ ಚರ್ಚೆ ಸಾಕು. ಎಸ್ಕೇಪ್ ಮಾಡುವ ಮುನ್ನ ಇನ್ನೊಂದು ಸಲ ಡಿಕೋಡ್ ಮಾಡಿದರೆ ಎರಡು ಬಗೆಯ ಲೇಖನಗಳೂ ಒಂದೇ ಸ್ಥಿತಿಗೆ ಬರುತ್ತವೆ. ಅಂದಹಾಗೆ, ಎಂಟಿಟಿಗಳಿಗೆ, ಅಂದರೆ ಇಂಥ ಸಂಕೇತಗಳಿಗೆ, ನಾನು ಲೈಬ್ರರಿಯನ್ನು ನಂಬುವುದಿಲ್ಲ. ಎಚ್‌ಟಿಎಂಎಲ್ 5ರ ಪಟ್ಟಿಯ ಎಲ್ಲ 2231 ಹೆಸರುಗಳನ್ನೂ ಒಂದು ಕೋಷ್ಟಕಕ್ಕೆ ತುಂಬಿ, ಸ್ವಂತ ಡಿಕೋಡರ್ ಬರೆದುಕೊಂಡಿದ್ದೇನೆ; ಇದುವರೆಗೆ ಒಂದು ದೂರೂ ಬಂದಿಲ್ಲ.

ಅರ್ಧವಿರಾಮ:
ಎಂಟಿಟಿ ಎನ್ನುವುದು ಹಳೆಯ ರೂಢಿ. ಈಗಿನ ಮಾನಕ ಅವನ್ನು ‘ಅಕ್ಷರ ಉಲ್ಲೇಖ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತದೆ. ಹೆಸರಿನ ಜಗಳ ಬಿಟ್ಟರೂ, ಆ 2231ರಲ್ಲಿ 106 ಹೆಸರುಗಳು ಕೊನೆಯ ಸೆಮಿಕೋಲನ್ ಇಲ್ಲದೆಯೂ ಚಲಾವಣೆಯಲ್ಲಿವೆ ಎಂಬುದನ್ನು ನಿಮ್ಮ ಡಿಕೋಡರ್ ಹೇಗೆ ನಿಭಾಯಿಸುತ್ತದೆ? ಕೊಂಡಿಯೊಂದರಲ್ಲಿ ‘?ಪುಟ=7&ಕಾಪಿ=2’ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕಾಪಿ ಎಂಬ ಪ್ಯಾರಾಮೀಟರ್ ಇದೆ ಎಂದುಕೊಳ್ಳಿ; © ಚಿಹ್ನೆಯ ಹೆಸರೂ ಅದೇ. ಅದು ಟ್ಯಾಗ್‌ನೊಳಗೆ ಬರೆಯುವ ಗುಣವಾದ ಆಟ್ರಿಬ್ಯೂಟ್‌ನ ಒಳಗಿದ್ದು, ಹೆಸರಿನ ಬೆನ್ನಿಗೇ = ಚಿಹ್ನೆಯೋ ಅಕ್ಷರವೋ ಅಂಕಿಯೋ ಬಂದರೆ ಅದನ್ನು ಮುಟ್ಟದೆ ಬಿಡಬೇಕು; ಅದೇ ಸಾಮಾನ್ಯ ಪಠ್ಯದಲ್ಲಿದ್ದರೆ © ಆಗಿ ಓದಬೇಕು. ಬರಿಯ ಸ್ಟ್ರಿಂಗ್ (ಅಕ್ಷರಗಳ ಸರಣಿ) ಕೈಗೆ ಬಂದರೆ ಅದು ಆಟ್ರಿಬ್ಯೂಟೋ ಪಠ್ಯವೋ ಎಂದು ಕೋಷ್ಟಕಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಬೈಟ್‌ಭೈರವ:
ಕೊಂಡಿಗಳಲ್ಲಿ & ಚಿಹ್ನೆಯನ್ನು ಎಸ್ಕೇಪ್ ಮಾಡದೆ ಬರೆದವರ ತಪ್ಪಿಗೆ ನಾನು ಹೊಣೆಯಲ್ಲ.

ಅರ್ಧವಿರಾಮ:
ಅಂತಹ ಪುಟಗಳನ್ನು ಬ್ರೌಸರ್ ಓದುತ್ತದೆ, ನಿಮ್ಮ ಡಿಕೋಡರ್ ಓದುವುದಿಲ್ಲ. &#150; ಎಂಬುದಕ್ಕೂ ಹೀಗೆಯೇ. ಯೂನಿಕೋಡ್‌ನಲ್ಲಿ 150 ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತವಾದರೂ, ವಿಂಡೋಸ್-1252 ಎಂಬ ಅಕ್ಷರ ಸಂಕೇತ ಪಟ್ಟಿಯ ಹಳೆಯ ಅಭ್ಯಾಸಕ್ಕೆ ಮಣಿದು ಎಚ್‌ಟಿಎಂಎಲ್ ಅದನ್ನು 8211, ಅಂದರೆ ಚಿಕ್ಕ ಡ್ಯಾಶ್ ಎಂದು ಓದುತ್ತದೆ.

ಮರಿಪಾರ್ಸರ್:
ಭೈರವ ಅವರೇ, ಎರಡನೆಯ ಡಿಕೋಡ್ ಸೇರಿಸಿದೆ, ಎಲ್ಲ ಲೇಖನಗಳೂ ಸರಿಯಾಗಿವೆ! ಅನಂತ ಧನ್ಯವಾದಗಳು.

ಮರಿಪಾರ್ಸರ್:
ಸಂಭ್ರಮ ಒಂದು ಗಂಟೆಯೂ ಬಾಳಲಿಲ್ಲ. ಎಸ್ಕೇಪ್ ಮಾಡುವುದು ಹೇಗೆ ಎಂದು ಕಲಿಸುವ ಪಾಠವೇ ಈಗ ‘< ಬೇಕಿದ್ದರೆ < ಎಂದು ಬರೆಯಿರಿ’ ಎಂದು ಬೋಧಿಸುತ್ತಿದೆ.

ಹಳೆಕೀಲಿಮಣೆ:
ನಾನು ಹೇಳಿದ ಲಕ್ಷಣ ಇದೇ ಅಲ್ಲವೇ?

ಅರ್ಧವಿರಾಮ:
ಲಕ್ಷಣ ಒಂದೇ, ಕಾರಣ ಬೇರೆ. ಆ ಪಾಠದ ಮೂಲದಲ್ಲಿ &#38;#60; ಇರುತ್ತದೆ. ಒಮ್ಮೆ ಡಿಕೋಡ್ ಮಾಡಿದಾಗ ಸಿಗುವ &#60; ಎಂಬುದೇ ಲೇಖಕರು ಓದುಗರಿಗೆ ತೋರಿಸಬೇಕೆಂದಿದ್ದ ಪಠ್ಯ; ಎರಡನೆಯ ಸಲ ಮುಟ್ಟಿದ್ದರಿಂದ ಅದು ಕೆಟ್ಟಿತು. ಆ ಸಾಲನ್ನು ತೆಗೆದುಹಾಕಿ. ಅನಂತರ ಒಳ್ಳೆಯ ಬಗೆಯ ಒಂದು, ಕೆಟ್ಟ ಬಗೆಯ ಒಂದು ಲೇಖನದ ಸ್ಟ್ರಿಂಗನ್ನು, ಪುಟಕ್ಕೆ ಬರೆಯುವ ಮೊದಲು, ಬ್ರೌಸರ್‌ನಲ್ಲಲ್ಲದೆ ಟರ್ಮಿನಲ್‌ನಲ್ಲಿ ಮುದ್ರಿಸಿ ಇಲ್ಲಿ ಹಾಕಿ. ಎರಡೂ ಒಂದೇ ದಾರಿಯಿಂದ ಬರುತ್ತವೆಯೇ ಎಂಬುದನ್ನೂ ತಿಳಿಸಿ.

ಮರಿಪಾರ್ಸರ್:
ಮೊದಲನೆಯದು: ಆರಂಭಿಸಲು <ಪಿ> ಎಂದು ಬರೆಯಿರಿ
ಎರಡನೆಯದು: ಆರಂಭಿಸಲು &#60;ಪಿ&#62; ಎಂದು ಬರೆಯಿರಿ

ಮೊದಲನೆಯದನ್ನು ಪುಟದಿಂದ ಇಳಿಸಿದ್ದು. ಎರಡನೆಯದು, ತಾಣದ ಹೊಸ ಲೇಖನಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕೊಡುವ ಆರ್‌ಎಸ್‌ಎಸ್ ಫೀಡ್‌ನಿಂದ ಬಂದದ್ದು; ಅದನ್ನು ಎಕ್ಸ್‌ಎಂಎಲ್ ಪಾರ್ಸರ್‌ಗೆ ಕೊಟ್ಟು, ವಿವರಣೆಯ ಭಾಗದಲ್ಲಿರುವ ಟ್ಯಾಗ್‌ಗಳನ್ನು ರೆಗೆಕ್ಸ್‌ನಿಂದ (ಅಕ್ಷರಗಳ ಮಾದರಿ ಹುಡುಕುವ ಸೂತ್ರದಿಂದ) ಅಳಿಸುತ್ತೇನೆ. ಇದು ಮುಖ್ಯವೆಂದು ತೋರಲಿಲ್ಲವಾದ್ದರಿಂದ ಮೊದಲೇ ಹೇಳಲಿಲ್ಲ.

ಅರ್ಧವಿರಾಮ:
ಮುಖ್ಯವಾದದ್ದು ಅದೊಂದೇ. ಫೀಡ್‌ನ ವಿವರಣೆ ಎಂದರೆ ಎಕ್ಸ್‌ಎಂಎಲ್ ಲಕೋಟೆಯೊಳಗೆ ಇಟ್ಟ ಎಚ್‌ಟಿಎಂಎಲ್; ಹಾಗಾಗಿ ನಿಮ್ಮ ವಾಕ್ಯ ಅಲ್ಲಿ ಎರಡು ಸುತ್ತು ಎಸ್ಕೇಪ್ ಆಗಿ &#38;#60;ಪಿ&#38;#62; ಎಂದು ಕುಳಿತಿರುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಹೊರಗಿನ ಸುತ್ತನ್ನು ಬಿಚ್ಚಿದ ಮೇಲೆ ಕೈಗೆ ಬರುವುದು ಇನ್ನೂ ಎಚ್‌ಟಿಎಂಎಲ್, ಪಠ್ಯವಲ್ಲ. ರೆಗೆಕ್ಸ್ ಟ್ಯಾಗ್‌ಗಳನ್ನು ಕಿತ್ತುಹಾಕಿತೇ ಹೊರತು ಉಲ್ಲೇಖಗಳನ್ನು ಬಿಚ್ಚಲಿಲ್ಲ. ಎಸ್ಕೇಪ್ ಇಲ್ಲದಿದ್ದಾಗ ಆ ಕೆಲಸವನ್ನು ಬ್ರೌಸರ್ ಮಾಡಿ ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತಿತ್ತು. ಪುಟದಿಂದ ಬಂದ ಪಠ್ಯವಾದರೋ ಆಗಲೇ ಪೂರ್ತಿ ಬಿಚ್ಚಿದ್ದರಿಂದ, ಬ್ರೌಸರ್ ಅದರಲ್ಲಿದ್ದ <ಪಿ>ಯನ್ನು ನಿಜವಾದ ಟ್ಯಾಗ್ ಎಂದೇ ನುಂಗಿತು.

ರೆಗೆಕ್ಸ್ ಬಿಟ್ಟು, ಫೀಡ್‌ನಿಂದ ಸಿಕ್ಕ ಸ್ಟ್ರಿಂಗನ್ನೂ ಬ್ಯೂಟಿಫುಲ್‌ಸೂಪ್‌ಗೇ ಕೊಟ್ಟು ಪಠ್ಯ ತೆಗೆಯಿರಿ. ಪುಟಕ್ಕೆ ಬರೆಯುವಾಗ ಎರಡನ್ನೂ ಒಮ್ಮೆ ಮಾತ್ರ ಎಸ್ಕೇಪ್ ಮಾಡಿ. ಕೆಲವು ಫೀಡ್‌ಗಳು ಎಸ್ಕೇಪ್ ಬದಲು, ಒಳಗಿನ ಚಿಹ್ನೆಗಳನ್ನು ಇದ್ದಂತೆಯೇ ಇಡುವ ಸಿಡೇಟಾ ಬಳಸುತ್ತವೆ, ಆದರೆ ಎಕ್ಸ್‌ಎಂಎಲ್ ಪಾರ್ಸರ್‌ನಿಂದ ಹೊರಬರುವ ಸ್ಟ್ರಿಂಗ್ ಎರಡರಲ್ಲೂ ಒಂದೇ ಆಗಿರುತ್ತದೆ.

ಬೈಟ್‌ಭೈರವ:
ಹಾಗಾದರೆ ಫೀಡ್‌ಗೆ ಎರಡು ಸಲ ಡಿಕೋಡ್ ಬೇಕೆಂದಾಯಿತು. ನಾನು ಹೇಳಿದ್ದೂ ಅದನ್ನೇ.

ಅರ್ಧವಿರಾಮ:
ನೀವು ಪುಟಗಳಿಗೂ ಹೇಳಿದಿರಿ.

ಮರಿಪಾರ್ಸರ್:
ರೆಗೆಕ್ಸ್ ತೆಗೆದ ಮೇಲೆ ಲೇಖನಗಳ ಒಡಲು ಪೂರ್ತಿ ಸರಿಯಾಗಿದೆ, ಆ ಎಸ್ಕೇಪ್ ಪಾಠವೂ ಸೇರಿದಂತೆ. ಉಳಿದದ್ದು ಶೀರ್ಷಿಕೆಗಳು. ಒಂದು ಫೀಡ್‌ನ ಶೀರ್ಷಿಕೆ ಬರಿಯ ಪಠ್ಯ, ಇನ್ನೊಂದರದು ಎಚ್‌ಟಿಎಂಎಲ್. ಎರಡಕ್ಕೂ ಒಂದೇ ನಿಯಮ ಹಿಡಿಯುತ್ತಿಲ್ಲ.

ಅರ್ಧವಿರಾಮ:
2005ರಲ್ಲಿ ಆರ್‌ಎಫ್‌ಸಿ 4287 ಎಂಬ ಮಾನಕ ದಾಖಲೆಯಾಗಿ ಬಂದ, ಆಟಮ್ ಎಂಬ ಇನ್ನೊಂದು ಬಗೆಯ ಫೀಡ್‌ನಲ್ಲಿ, ಶೀರ್ಷಿಕೆ ಪಠ್ಯವೋ ಎಚ್‌ಟಿಎಂಎಲ್ಲೋ ಎಂದು ಹೇಳುವ ಟೈಪ್ ಎಂಬ ಆಟ್ರಿಬ್ಯೂಟ್ ಇದೆ. ಆರ್‌ಎಸ್‌ಎಸ್ 2.0ರಲ್ಲಿ ಅಂಥದ್ದೊಂದು ಇಲ್ಲ. ಊಹಿಸಲು ಹೋಗಬೇಡಿ, ಪ್ರತಿ ಫೀಡ್‌ನ ವಿಳಾಸದ ಪಕ್ಕದಲ್ಲಿ, ಅದರ ಶೀರ್ಷಿಕೆ ಯಾವ ಬಗೆಯದೆಂದು ಕಾನ್ಫಿಗ್ ಕಡತದಲ್ಲೇ ಬರೆದಿಡಿ.

ಮರಿಪಾರ್ಸರ್:
ಹನ್ನೊಂದು ಫೀಡ್‌ಗಳಿವೆ, ಒಂಬತ್ತಕ್ಕೆ ಗುರುತು ಹಾಕಿದ್ದೇನೆ. ಇನ್ನೆರಡರ ಶೀರ್ಷಿಕೆಗಳಲ್ಲಿ ಇದುವರೆಗೆ & ಚಿಹ್ನೆಯಾಗಲಿ < ಆಗಲಿ ಒಮ್ಮೆಯೂ ಬಂದಿಲ್ಲವಾದ್ದರಿಂದ, ಬರುವವರೆಗೆ ಅವು ಪಠ್ಯವೆಂದೇ ಇರಲಿ.

ಹಳೆಕೀಲಿಮಣೆ:
ಬಂದ ದಿನ ಮೊದಲು ಕ್ರಮ ನೋಡಿಕೊಳ್ಳಿ.