ಅಪ್‌ಡೇಟ್: ಮೆಣಸು ಬಿಡಿಸುವ ಯಂತ್ರದ ಡ್ರಮ್ ಅಲುಗಾಟ ನಿಂತಿತು

ಕುಶಾಲನಗರದಲ್ಲಿ ನಮ್ಮ ವಿದ್ಯಾರ್ಥಿ ತಂಡ ಕಟ್ಟುತ್ತಿರುವ ಕರಿಮೆಣಸು ಬಿಡಿಸುವ ಯಂತ್ರದಲ್ಲಿ ಡ್ರಮ್ ಅಲುಗುತ್ತೆ, ಬೇರಿಂಗ್ ಬಿಸಿಯಾಗುತ್ತೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸರಿಹೋಯ್ತು!

ಹೊಸ ಯುಸಿಪಿ 204 ಬೇರಿಂಗ್ (20 ಮಿ.ಮೀ. ಶಾಫ್ಟಿಗೆ ಕೂರುವ, ಹೌಸಿಂಗ್ ಅಂದರೆ ಹೊರಕವಚ ಸಮೇತ ಬರುವ ಬೇರಿಂಗ್) ಹಾಕಿದರೂ ಅದೇ ಗೋಳು. ಗ್ರೀಸ್ ತುಂಬಿದ್ದೂ ದಂಡ. ಕೈಹಿಡಿದದ್ದು ‘ಮೊದಲು ಶಾಫ್ಟ್ (ಡ್ರಮ್ ತಿರುಗುವ ಅಚ್ಚು) ನೋಡಿ’ ಅಂತ ಉತ್ತರಿಸಿದವರ ಮಾತು, ಅವರಿಗೆ ತುಂಬಾ ಥ್ಯಾಂಕ್ಸ್. ಶಾಫ್ಟಿಗೆ ಡಯಲ್ ಗೇಜ್ (ಓಲಾಟ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಕೈಯಲ್ಲಿ ತಿರುಗಿಸಿದರೆ ಮುಳ್ಳು 1.2 ಮಿ.ಮೀ. ಓಡಿತು. ಡ್ರಮ್ಮಿನ ತುದಿಯ ತಟ್ಟೆಗೆ ಶಾಫ್ಟನ್ನು ಕೂರಿಸಿ ಒಂದೇ ಉಸಿರಿನಲ್ಲಿ ಸುತ್ತ ವೆಲ್ಡ್ ಹೊಡೆದಿದ್ದೆವು; ಬೆಸುಗೆ ಆರುತ್ತಾ ಕುಗ್ಗಿ 20 ಮಿ.ಮೀ. ಶಾಫ್ಟನ್ನು ಒಂದು ಕಡೆಗೆ ಎಳೆದಿತ್ತು. ಹೊಸ ಶಾಫ್ಟಿಗೆ ಎದುರುಬದುರು ನಾಲ್ಕು ಟ್ಯಾಕ್ (ಚುಕ್ಕಿ ಬೆಸುಗೆ), ಆಮೇಲೆ ಎದುರುಬದುರಾಗಿಯೇ ಕಾಲು ಕಾಲು ಸುತ್ತು ವೆಲ್ಡ್ ಹೊಡೆದೆವು, ನಡುನಡುವೆ ಆರಲು ಬಿಟ್ಟು. ಈಗ ಓಲಾಟ 0.15 ಮಿ.ಮೀ. ಅಷ್ಟೇ.

ಇನ್ನೊಂದು ಗೊತ್ತಾಗಿದ್ದು: ಮೊದಲು ಹೌಸಿಂಗ್ ಬೋಲ್ಟ್, ಕೊನೆಗೆ ಗ್ರಬ್ ಸ್ಕ್ರೂ (ಬೇರಿಂಗನ್ನು ಶಾಫ್ಟಿಗೆ ಕಚ್ಚಿಸುವ ತಲೆಯಿಲ್ಲದ ಸ್ಕ್ರೂ) ಬಿಗಿಯಬೇಕು. ಸ್ಕ್ರೂ ಕೂರುವಲ್ಲಿ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಅಲ್ಲಿ ಏಳುವ ಅಂಚು ಬೇರಿಂಗನ್ನು ಈಚೆ ಬರಲು ಬಿಡಲ್ಲ.