ಡಬ್ಬಿ ಮೇಲೆ ಲೈಸೆನ್ಸ್ ನಂಬರ್ ಇದ್ದರೂ ಕಬಾಬ್‌ಗೆ ಕೆಂಪು ಬಣ್ಣ ಹಾಕಬಾರದಾ?

ಸಂಜೆಗಾಡಿ:
ಹಾವೇರಿಯಲ್ಲಿ ಸಂಜೆ ಹೊತ್ತು ಗಾಡಿ ಹಾಕುತ್ತೇನೆ. ಗೋಬಿ, ಚಿಕನ್ ಕಬಾಬ್, ಎರಡೇ ಐಟಂ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕಲರ್ ಬೇಡ ಅಂದಿತು, ಬಿಟ್ಟೆ. ಜೂನ್‌ನಲ್ಲಿ ಕಬಾಬ್‌ಗೂ ಬೇಡ ಅಂದಿತು, ಅದನ್ನೂ ಬಿಟ್ಟೆ. ಆದರೆ ಗಿರಾಕಿಗಳು ಬಿಡಬೇಕಲ್ಲ! "ಏನಣ್ಣ, ಕಬಾಬ್‌ಗೆ ಕಾಮಾಲೆ ಆಗಿದೆಯಾ?" ಅಂತ ನಿನ್ನೆ ಒಬ್ಬ ಹುಡುಗ ಕೇಳಿದ. ಸುತ್ತ ಇದ್ದವರೆಲ್ಲ ನಕ್ಕರು.

ದಿನಸಿ ಅಂಗಡಿಯವರು ಹೇಳುವುದೇ ಬೇರೆ. "ಬ್ಯಾನ್ ಆಗಿದ್ದು ರೋಡಮಿನ್-ಬಿ. ಇದು ಕಾರ್ಮೋಸಿನ್, ಪರ್ಮಿಟ್ ಇದೆ, ತಗೊಂಡು ಹೋಗಿ" ಅಂತಾರೆ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಕೂಡ ಇದೆ. ಒಂದು ಚಿಟಿಕೆ ಹಾಕಿದರೆ ತಪ್ಪಾ?

ಲ್ಯಾಬ್ ಕೆಲಸದವಳು:
ಅವರು ಹೇಳಿದ್ದು ಅರ್ಧ ನಿಜ ಅಣ್ಣ. ರೋಡಮಿನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ತಿಂಡಿಗೂ ಹಾಕುವಂತಿಲ್ಲ. ಕಾರ್ಮೋಸಿನ್, ಪಾನ್ಸೊ 4ಆರ್, ಎರಿಥ್ರೋಸಿನ್ ಅನ್ನೋ ಕೆಂಪು ಬಣ್ಣಗಳಿಗೆ ಪರ್ಮಿಟ್ ಇರುವುದು ನಿಜ. ಆದರೆ ಅದು ಐಸ್‌ಕ್ರೀಂ, ಬಿಸ್ಕತ್ತು, ಮಿಠಾಯಿಯಂಥ ಕೆಲವಕ್ಕೆ ಮಾತ್ರ. ಅಲ್ಲೂ ಸಾಮಾನ್ಯವಾಗಿ ಕೆಜಿಗೆ 100 ಮಿಲಿಗ್ರಾಂ ದಾಟುವಂತಿಲ್ಲ. ನಿಮ್ಮ ಚಿಟಿಕೆಯನ್ನು ಯಾರು ತೂಗುತ್ತಾರೆ?

ಆ ಜೂನ್‌ನಲ್ಲಿ 39 ಕಬಾಬ್ ಸ್ಯಾಂಪಲ್ ಟೆಸ್ಟ್ ಮಾಡಿದಾಗ 8 ಫೇಲ್ ಆದವು. ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಅನ್ನೋ ಬಣ್ಣ, ಮತ್ತೆ ನಿಮ್ಮ ಅಂಗಡಿಯವರ ಇದೇ ಕಾರ್ಮೋಸಿನ್. ಸಿಕ್ಕಿಬಿದ್ದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಆಗಲೇ ಹೇಳಿದ್ದರು. ಜೈಲಿಗೆ ಹೋಗುವುದು ನೀವು, ಡಬ್ಬಿ ಮಾರಿದವರಲ್ಲ.

ನ್ಯೂಜೆರ್ಸಿ ಅಜ್ಜ:
ಪರ್ಮಿಟ್ ಅನ್ನೋದೂ ಶಾಶ್ವತ ಅಲ್ಲಪ್ಪ. ಎರಿಥ್ರೋಸಿನ್‌ಗೆ ಇಲ್ಲಿ ಅಮೆರಿಕದಲ್ಲಿ ರೆಡ್ 3 ಅಂತಾರೆ. ಗಂಡು ಇಲಿಗಳಲ್ಲಿ ಕ್ಯಾನ್ಸರ್ ಕಂಡಿತು ಅಂತ 1990ರಲ್ಲೇ ಲಿಪ್‌ಸ್ಟಿಕ್‌ಗೆ ಬೇಡ ಅಂದರು. ತಿಂಡಿಗೆ ಬೇಡ ಅನ್ನೋಕೆ 2025 ಬರಬೇಕಾಯಿತು! ಅಲ್ಲಿವರೆಗೆ ತುಟಿಗೆ ಬೇಡ, ಹೊಟ್ಟೆಗೆ ಓಕೆ. ಮೊಮ್ಮಗಳ ಕ್ಯಾಂಡಿ ಪ್ಯಾಕೆಟ್ ಮೇಲೆ ಆ ಹೆಸರು ನಾನೇ ಓದಿ ನೋಡಿದ್ದೇನೆ.

ಖಾರದಪುಡಿ:
ಬ್ಯಾಡಗಿ ಪಕ್ಕದಲ್ಲೇ ಕೂತು ಡಬ್ಬಿ ಬಣ್ಣ ಕೇಳ್ತೀರಲ್ಲ ಅಣ್ಣ! ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಬೀಜ ತೆಗೆದು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ ಚಿಕನ್‌ಗೆ ಹಚ್ಚಿಡಿ. ಬೀಟ್‌ರೂಟ್ ಮಾತ್ರ ಬೇಡ, ಎಣ್ಣೆಗೆ ಬಿದ್ದರೆ ಕಂದಾಗುತ್ತದೆ.

ಸಂಜೆಗಾಡಿ:
ಎರಡು ದಿನ ಮಾಡಿ ನೋಡಿದೆ. ಬಣ್ಣ ಚೆನ್ನಾಗಿ ಬಂತು, ಆದರೆ ಇಟ್ಟಿಗೆ ಕೆಂಪು. ಬಾಣಲೆ ಎಣ್ಣೆಯೂ ಕೆಂಪಾಗುತ್ತದೆ. ಅದಕ್ಕೇನು ಮಾಡಲಿ?

ಖಾರದಪುಡಿ:
ಆ ಬಣ್ಣ ಎಣ್ಣೆಗೆ ಬಿಡುವಂಥದ್ದೇ. ಮೊಟ್ಟೆ, ಕಾರ್ನ್‌ಫ್ಲೋರ್ ಸ್ವಲ್ಪ ಜಾಸ್ತಿ ಹಾಕಿ, ಹಿಡಿದುಕೊಳ್ಳುತ್ತದೆ. ಗೋಬಿಗೆ ಬೇರೆ ಬಾಣಲೆ ಇಡಿ.