ಅಪ್‌ಡೇಟ್: ಶೆಡ್ಡಿನ ಪ್ಲಾಸ್ಟಿಕ್ ಚಾವಣಿಯ ಹನಿ ನಿಂತಿತು (ಬಹುಮಟ್ಟಿಗೆ)

ನಾನು ಕೇಳಿದ್ದು ಇದು: ಮಳೆಯಿಲ್ಲದ ದಿನವೂ ಬೆಳಗಾಗುವಷ್ಟರಲ್ಲಿ ಶೆಡ್ಡಿನ ಪ್ಲಾಸ್ಟಿಕ್ ಶೀಟಿನ ಒಳಮೈಯಿಂದ ನೀರು ತೊಟ್ಟಿಕ್ಕಿ ಉಪಕರಣಗಳೆಲ್ಲ ತುಕ್ಕು ಹಿಡಿಯುತ್ತಿವೆ, ಏನು ಮಾಡಲಿ? ಸೋರಿಕೆಯೆಂದು ನಂಬಿ ಸ್ಕ್ರೂ ತೂತುಗಳಿಗೆಲ್ಲ ಸೀಲಂಟ್ ಮೆತ್ತಿ ಕುಳಿತಿದ್ದೆ. ಒಳಗಿನ ಗಾಳಿಯ ತೇವವೇ ತಣ್ಣನೆಯ ಶೀಟಿಗೆ ತಾಗಿ ನೀರಾಗುತ್ತಿದೆ ಎಂದವರ ಮಾತೇ ನಿಜವಾಯಿತು. ಶುಭ್ರ ಆಕಾಶದ ರಾತ್ರಿ ಶೀಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುವುದರಿಂದ ಹನಿ ಹೆಚ್ಚು. ಮೋಡ ಕವಿದರೆ ಕಡಿಮೆ.

ಮೊದಲು ಸೂರಿನಂಚಿಗೆ ತುರುಕಿದ್ದ ಫೋಮ್ ಪಟ್ಟಿಗಳನ್ನು ಕಿತ್ತು, ಕೀಟ ಬಾರದಂತೆ ಜಾಲರಿ ಹೊಡೆದೆ. ಎದುರು ಗೋಡೆಯ ಮೇಲ್ತುದಿಯಲ್ಲೂ ಗಾಳಿಕಿಂಡಿ ಕೊರೆದೆ. ಹನಿ ಅರ್ಧದಷ್ಟು ಇಳಿಯಿತು, ನಿಲ್ಲಲಿಲ್ಲ. ನಿಜವಾದ ಕಳ್ಳ ಕಾಲಡಿಯಲ್ಲೇ ಇದ್ದ: ಮಣ್ಣಿನ ನೆಲ. ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ಟೇಪ್ ಅಂಟಿಸಿ, ಹಲಗೆ ಜೋಡಿಸಿದ ವಾರದಲ್ಲೇ ವ್ಯತ್ಯಾಸ ಕಂಡಿತು. ಹುಲ್ಲು ಕತ್ತರಿಸುವ ಯಂತ್ರವನ್ನು ಒದ್ದೆಯಾಗಿಯೇ ಒಳಗಿಡುವ ಚಾಳಿಯನ್ನೂ ಬಿಟ್ಟಿದ್ದೇನೆ.

ಶೀಟಿನ ಕೆಳಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ ಪ್ರಯೋಗ ಮಾತ್ರ ಸೋತಿತು. ಅದರ ಹಿಂದೆ ನೀರು ನಿಂತು ಬೂಷ್ಟು ಬಂತು. ತೀರಾ ಚಳಿಯ ಬೆಳಗಿನಲ್ಲಿ ಈಗಲೂ ಶೀಟು ಮಸುಕಾಗುತ್ತದೆ, ಆದರೆ ತಲೆಯ ಮೇಲೆ ಹನಿಯುವುದಿಲ್ಲ. ಮುಂದೆ ಶೀಟು ಬದಲಿಸುವಾಗ ನಡುವೆ ಗಾಳಿ ಪದರವಿರುವ ಪಾಲಿಕಾರ್ಬೊನೇಟ್ ಹಾಕಿಸುತ್ತೇನೆ.